ನಿಮ್ಮನೇಲಿ ಬಾರಾ ಅಂದ್ರೆ ಎಷ್ಟು?

ಚೌಕಾಬಾರ ಆಡೋಕೆ ಬರುತ್ತೆ ಅನ್ನೋರನ್ನ ನಾನೀಗ ಸುಮ್ಮನೆ ನಂಬೋದಿಲ್ಲ. ಮೊದಲು ಮೂರು ಪ್ರಶ್ನೆ ಕೇಳ್ತೀನಿ. ಎಷ್ಟು ಕವಡೆ? ಹೊಡೀದೆ ಒಳಗೆ ಹೋಗಬಹುದಾ? ಬಾರಾ ಅಂದ್ರೆ ಎಷ್ಟು? ಮೂರಕ್ಕೂ ನಿಮ್ಮ ಉತ್ತರ, ನನ್ನ ಉತ್ತರ ಒಂದೇ ಆಗಿಬಿಟ್ಟರೆ ನಾವಿಬ್ಬರೂ ಎಲ್ಲೋ ದೂರದ ನೆಂಟರೇ ಇರಬೇಕು.

ಆಟ ನೋಡದೇ ಇರೋರಿಗೆ ಸ್ವಲ್ಪ ಹೇಳಿಬಿಡ್ತೀನಿ. ಐದು ಅಡ್ಡ, ಐದು ಉದ್ದ, ಒಟ್ಟು ಇಪ್ಪತ್ತೈದು ಮನೆ. ನಾಲ್ಕು ಅಂಚಿನ ನಟ್ಟನಡುವೆ ಒಂದೊಂದು ಮನೆಗೆ ಅಡ್ಡಗೀಟು ಎಳೆದು ಗುರುತು ಮಾಡ್ತೀವಿ. ಅದು ಕಟ್ಟೆ. ನಡುಮನೆಗೂ ಅಂಥದೇ ಗುರುತು. ನಾಲ್ಕು ಜನ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ನಿಮ್ಮ ಕಟ್ಟೆಯಿಂದ ಹೊರಟು ಹೊರಸುತ್ತಿನ ಹದಿನಾರು ಮನೆ ಸುತ್ತಿ, ತಿರುಗಿ ಒಳಸುತ್ತಿನ ಎಂಟು ಮನೆ ಸುತ್ತಿ, ನಡುಮನೆ ಸೇರಿದರೆ ಕಾಯಿ ಹಣ್ಣಾಯ್ತು. ಕಟ್ಟೆಯ ಮೇಲಿದ್ದಾಗ ಯಾರೂ ಹೊಡೆಯೋ ಹಾಗಿಲ್ಲ. ಬೇರೆ ಮನೇಲಿ ಸಿಕ್ಕಿಬಿದ್ದರೆ ಹೊಡೆಸಿಕೊಂಡು ಮತ್ತೆ ಮೊದಲಿಂದ ಹೊರಡಬೇಕು. ‘ಕಾಯಿ ಹಣ್ಣಾಗೋದು’ ಅನ್ನೋ ಮಾತು ನನಗೆ ಯಾವಾಗಲೂ ಇಷ್ಟ. ಲೂಡೋದಲ್ಲಿ ಕಾಯಿ ಮನೆ ಸೇರುತ್ತೆ ಅಷ್ಟೆ, ಮಾಗೋದಿಲ್ಲ.

ಲೆಕ್ಕ ಹೀಗೆ. ನಾಲ್ಕು ಕವಡೆ ಎಸೀತೀರಿ. ಒಂದು ಅಂಗಾತ ಬಿದ್ದರೆ ಒಂದು, ಎರಡು ಬಿದ್ದರೆ ಎರಡು, ಮೂರಕ್ಕೆ ಮೂರು. ನಾಲ್ಕೂ ಅಂಗಾತ ಬಿದ್ದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಮಕಾಡೆ ಬಿದ್ದರೆ ಬಾರಾ, ಅಂದರೆ ಎಂಟು. ಚೌಕಕ್ಕೂ ಬಾರಾಕ್ಕೂ ಇನ್ನೊಂದು ಎಸೆತ ಪುಕ್ಕಟೆ. ಕವಡೆ ಇಲ್ಲದ ಮನೆಗಳಲ್ಲಿ ಹುಣಸೆ ಬೀಜವನ್ನ ಕಲ್ಲಿಗೆ ಉಜ್ಜಿ ಒಂದು ಬದಿ ಬೆಳ್ಳಗೆ ಮಾಡ್ಕೊಂಡು ಆಡ್ತಾರೆ. ನಮ್ಮಜ್ಜಿ ಹುಣಸೆ ಬೀಜದ ಪಕ್ಷ. ಕವಡೆಯ ಬೆನ್ನು ಉಬ್ಬಿರೋದರಿಂದ ಅದು ಹೇಗೆ ಬೀಳಬೇಕು ಅಂತ ಮೊದಲೇ ತೀರ್ಮಾನ ಮಾಡ್ಕೊಂಡಿರುತ್ತೆ, ಬೀಜಕ್ಕೆ ಆ ಬುದ್ಧಿ ಇಲ್ಲ ಅನ್ನೋದು ಅವರ ವಾದ.

ಇಷ್ಟರವರೆಗೆ ಎಲ್ಲರೂ ಒಪ್ತಾರೆ. ಜಗಳ ಶುರುವಾಗೋದು ಇದರಾಚೆಗೆ. ಒಂದೇ ಮನೇಲಿ ನನ್ನ ಎರಡು ಕಾಯಿ ಕೂತರೆ ಅದು ಗಟ್ಟಿಯಾ, ಅಲ್ವಾ? ಗಟ್ಟಿ ಅಂದಮೇಲೆ ಒಂಟಿ ಕಾಯಿ ಅದನ್ನ ಹೊಡೆಯೋಕೆ ಆಗುತ್ತಾ? ಮೇಲಿಂದ ಮೇಲೆ ಮೂರು ಸಲ ಗರ ಬಿದ್ದರೆ ಮೂರೂ ಸುಟ್ಟುಹೋದವಾ ಅಥವಾ ಮೂರೂ ನಡೆಯುತ್ತವಾ? ಒಬ್ಬರ ಕಾಯನ್ನಾದರೂ ಹೊಡೀದೆ ಒಳಸುತ್ತಿಗೆ ಹೋಗಬಹುದಾ? ಹೆಸರೇ ಒಂದಲ್ಲ. ಚೌಕಾಬಾರ, ಕಟ್ಟೆಮನೆ, ಗಟ್ಟಾಮನೆ. ಗಡಿ ದಾಟಿ ಆಂಧ್ರಕ್ಕೆ ಹೋದರೆ ಅಷ್ಟಾಚೆಮ್ಮ, ತಮಿಳುನಾಡಿಗೆ ಹೋದರೆ ದಾಯಂ. ಮುಮ್ಮಡಿ ಕೃಷ್ಣರಾಜ ಒಡೆಯರ್ ಕಾಲದ ‘ಶ್ರೀತತ್ತ್ವನಿಧಿ’ಯಲ್ಲಿ ಒಂಬತ್ತು ನಿಧಿಗಳಿವೆ, ಅದರಲ್ಲಿ ಒಂದಿಡೀ ನಿಧಿ, ಕೌತುಕನಿಧಿ, ಆಟಗಳಿಗೇ ಮೀಸಲು. ಮಹಾರಾಜರೇ ಕೂತು ಬರೆಸಿದರೂ ನಮ್ಮ ಹಟ್ಟಿ, ಜಗಲಿಗಳ ಜಗಳ ಬಗೆಹರಿಯಲಿಲ್ಲ.

ನಮ್ಮ ಕಡೆ ಅಂದರೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬಿಡಿಸಿ ಈ ನಾಲ್ಕು ತಾಲ್ಲೂಕು ಸೇರಿಸಿ ಜಿಲ್ಲೆ ಮಾಡಿದರು. ಈಗ ಅದರ ಹೆಸರು ಬೆಂಗಳೂರು ದಕ್ಷಿಣ. ಚೌಕಾಬಾರದ ಮಣೆಯ ಹಾಗೆ ನಾಲ್ಕು ಕಟ್ಟೆ. ನನ್ನ ತವರು ಕನಕಪುರದ ಕಡೆ, ಗಂಡನ ಊರು ಮಾಗಡಿ ತಾಲ್ಲೂಕು, ಅತ್ತೆಯ ತವರು ಚನ್ನಪಟ್ಟಣ. ಬಸ್ಸಲ್ಲಿ ಹೋದರೆ ಯಾವುದೂ ಯಾವುದಕ್ಕೂ ಅರ್ಧ ದಿನದ ದಾರಿ ಕೂಡ ಅಲ್ಲ. ಆದರೆ ಸಾರಿನ ಹುಳಿ ಬೇರೆ, ‘ಬತ್ತೀನಿ’ ಅನ್ನೋ ರಾಗ ಬೇರೆ, ಬಾರಾ ಬೇರೆ.

ನಮ್ಮ ಟೀಮಿನಲ್ಲಿ ಮಲೇಷ್ಯಾದ ಹುಡುಗಿಯೊಬ್ಬಳಿದ್ದಾಳೆ. ಅವಳ ಮನೇಲಿ ಹಬ್ಬ ಅಂದರೆ ಮಹಜಾಂಗ್. ಅದೇ ಚೀನಾದ ಬಿಲ್ಲೆಯಾಟ, ಸಿನಿಮಾಗಳಲ್ಲಿ ನಾಲ್ಕು ಜನ ಅಜ್ಜಿಯರು ಕಟಕಟ ಅಂತ ಬಿಲ್ಲೆ ಕಲಸ್ತಾ ಕೂತಿರ್ತಾರಲ್ಲ, ಅದು. ಅವಳು ಹೇಳಿದ್ದು: ಹೊಸಬರ ಜೊತೆ ಕೂರೋ ಮೊದಲು ‘ಯಾವ ಊರ ರೂಲ್ಸು’ ಅಂತ ಕೇಳದೇ ಇರೋದು ಅವಮರ್ಯಾದೆ. ಹಾಂಗ್‌ಕಾಂಗಿನದು ಬೇರೆ, ಸಿಚುವಾನಿನದು ಬೇರೆ. ಜಪಾನಿನದರಲ್ಲಿ ಗೊತ್ತುಪಡಿಸಿದ ಕೂಟಗಳಲ್ಲಿ ಒಂದಾದರೂ ಇಲ್ಲದೆ ಗೆದ್ದೆ ಅನ್ನೋ ಹಾಗಿಲ್ಲ. ಅಮೆರಿಕದಲ್ಲಿ 1937ರಲ್ಲಿ ಶುರುವಾದ ಒಂದು ಸಂಘ ಪ್ರತಿವರ್ಷ ಹೊಸ ಕಾರ್ಡು ಅಚ್ಚು ಹಾಕಿಸಿ ಈ ವರ್ಷ ಯಾವ ಜೋಡಣೆಗೆ ಎಷ್ಟು ಅಂತ ಹೇಳುತ್ತೆ. 1998ರಲ್ಲಿ ಚೀನಾ ಸರ್ಕಾರವೇ ಅಧಿಕೃತ ನಿಯಮ ಮಾಡಿತು. ಎಂಬತ್ತೊಂದು ಬಗೆಯ ಅಂಕ, ಗೆಲ್ಲೋಕೆ ಕಮ್ಮಿ ಅಂದರೂ ಎಂಟು ಬೇಕು. ‘ಈಗ ನಿಮ್ಮನೇಲಿ ಅದನ್ನೇ ಆಡ್ತೀರಾ?’ ಅಂದೆ. ‘ನಮ್ಮಜ್ಜಿ ಯಾವ ಸರ್ಕಾರದ ಮಾತೂ ಕೇಳಲ್ಲ’ ಅಂದಳು.

ಈ ಮಾತು ನಡೆದಾಗ ನನಗೆ ಅತ್ತೆಯ ನೆನಪಾಗಿತ್ತು. ಅದಕ್ಕೆ ಕಾರಣ ಹಿಂದಿನ ಯುಗಾದಿ.

ನಮ್ಮ ಕಡೆ ಯುಗಾದಿಗೆ ಇಸ್ಪೀಟು ಆಡೋದು ಬೇವುಬೆಲ್ಲದಷ್ಟೇ ಶಾಸ್ತ್ರ. ಮಾರನೇ ದಿನ ಹೊಸತೊಡಕು, ಬೆಳಗ್ಗೆ ಕತ್ತಲಲ್ಲೇ ಮಾಂಸದಂಗಡಿ ಮುಂದೆ ಸಾಲು. ಮಧ್ಯಾಹ್ನ ಉಂಡಮೇಲೆ ಗಂಡಸರು ಮರದ ಕೆಳಗೆ ಅಂದರ್ ಬಾಹರ್‌ಗೆ ಕೂರ್ತಾರೆ. ಅಂದರ್ ಬಾಹರ್‌ನಲ್ಲಿ ರೂಲ್ಸಿನ ಜಗಳವೇ ಇಲ್ಲ, ಎಲೆ ಒಳಗೆ ಬಿತ್ತಾ, ಹೊರಗೆ ಬಿತ್ತಾ ಅಷ್ಟೆ. ಅಲ್ಲಿ ಜಗಳ ದುಡ್ಡಿಂದು. ರೇಷ್ಮೆಗೂಡು ಮಾರಿದ ದುಡ್ಡು ಅಲ್ಲಿ ಒಂದು ಮಧ್ಯಾಹ್ನದಲ್ಲಿ ಹುಳು ಬಿದ್ದ ಹಿಪ್ಪುನೇರಳೆ ಸೊಪ್ಪಿನ ಹಾಗೆ ಕರಗೋದನ್ನ ನಮ್ಮ ಎರಡೂ ಮನೆಯವರು ನೋಡಿದ್ದಾರೆ. ಅದಕ್ಕೇ ಮಾವ ಹೋದ ಮೇಲೆ ಮನೆಯೊಳಗೆ ಇಸ್ಪೀಟು ಬೇಡ ಅಂತಾಯ್ತು. ಮಕ್ಕಳ ಜೊತೆ ಚೌಕಾಬಾರಕ್ಕೆ ಕೂತೆವು. ಆ ವರ್ಷ ಅತ್ತೆಯೂ ಬಂದು ಕೂತರು. ‘ನಂಗೂ ಒಂದು ಕಟ್ಟೆ ಕೊಡ್ರವ್ವ’ ಅಂದರು. ಅವರು ಕವಡೆ ಹಿಡಿದಿದ್ದನ್ನ ನನ್ನ ಗಂಡ ಕೂಡ ಅವತ್ತಿನವರೆಗೆ ನೋಡಿರಲಿಲ್ಲ. ಹಬ್ಬ ಅಂದರೆ ಅವರು ಒಲೆ ಮುಂದೆ ಇರ್ತಿದ್ದೋರು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಅತ್ತೆಗೆ ನಾಲ್ಕೂ ಮಕಾಡೆ ಬಿತ್ತು. ‘ಬಾರಾ!’ ಅಂತ ಕಾಯಿ ಎತ್ತಿ ಎಣಿಸ್ತಾ ಹೋದರು. ಎಂಟಾಯ್ತು, ಒಂಬತ್ತಾಯ್ತು, ಹನ್ನೆರಡಕ್ಕೆ ನಿಲ್ಲಿಸಿದರು. ಮಗಳು ನಕ್ಕು, ‘ಅಜ್ಜಿ, ಎಂಟು’ ಅಂದಳು. ಕಾಯಿ ವಾಪಸು ಇಟ್ಟರು, ಏನೂ ಹೇಳಲಿಲ್ಲ. ಇನ್ನೊಂದು ಸಲ ಹಾಗೇ ಆಯ್ತು. ಆಮೇಲೆ ಅವರ ಕಾಯಿ ಹೊರಸುತ್ತು ಮುಗಿಸಿ ಒಳಗೆ ತಿರುಗಬೇಕಾದ ಕಡೆ ತಿರುಗಲಿಲ್ಲ. ಮತ್ತೆ ಹೊರಗೇ ಸುತ್ತೋಕೆ ಶುರು ಮಾಡಿತು. ಒಂದಲ್ಲ, ಎರಡು ಕಾಯಿ, ಗಿರಗಿರ ಗಿರಗಿರ. ಭಾವ ನನ್ನ ಗಂಡನ ಮುಖ ನೋಡಿದರು. ನಾದಿನಿ ಎದ್ದು ಅಡುಗೆಮನೆಗೆ ಹೋದಳು. ದಾರಿ ಮರೆತು ಅದೇ ಬೀದೀಲಿ ಸುತ್ತೋ ಮುದುಕರ ಬಗ್ಗೆ ನಾವೆಲ್ಲ ಓದಿದ್ದೀವಲ್ಲ.

ಅದಕ್ಕೆ ಮೊದಲೇ ಕೆಲವು ಆಗಿದ್ದವು. ಹಾಲು ಉಕ್ಕಿ ಗ್ಯಾಸ್ ಆರಿದ್ದು ಗೊತ್ತಾಗದೆ ಇದ್ದದ್ದು. ನನ್ನ ಮಗಳನ್ನ ತೀರಿಹೋದ ತಂಗಿಯ ಹೆಸರಲ್ಲಿ ಕರೆದದ್ದು. ಹಾಗಾಗಿ ಹೊಸತೊಡಕಿನ ರಾತ್ರಿ ಜಗಲಿ ಮೇಲೆ ಮಾತು ಬೇರೆ ಕಡೆಗೆ ಹೋಯ್ತು. ಅತ್ತೆಯ ಹೆಸರಲ್ಲಿ ಎರಡೆಕರೆ ಇದೆ. ಬೆಂಗಳೂರು ಅತ್ತ ಕಡೆಯಿಂದ ಬೆಳೀತಾ ಬರ್ತಿರೋದರಿಂದ ಆ ಎರಡೆಕರೆಗೆ ಈಗ ಮೈಯೆಲ್ಲ ಕಣ್ಣು. ‘ಅಮ್ಮಂಗೆ ಲೆಕ್ಕ ನಿಲ್ತಿಲ್ಲ. ಇನ್ನೂ ಕೆಡೋ ಮೊದಲು ಜಿಪಿಎ ಬರೆಸ್ಕೊಂಡುಬಿಡೋಣ’ ಅಂದರು ಭಾವ. ಕೆಟ್ಟವರಲ್ಲ ಅವರು. ಆಸ್ಪತ್ರೆ ಖರ್ಚು ಮುಂದೆ ಬರುತ್ತೆ ಅನ್ನೋ ಭಯ ನಿಜವಾದದ್ದೇ. ಆದರೆ ನನಗೆ ಒಂದು ಅರ್ಥ ಆಗಲಿಲ್ಲ. ಬುದ್ಧಿ ಸ್ಥಿಮಿತ ಇಲ್ಲ ಅಂದಮೇಲೆ ಸೈನ್ ಹಾಕಿಸೋದು ಹೇಗೆ? ಇದೆ ಅಂದಮೇಲೆ ಹಾಕಿಸೋದು ಯಾಕೆ? ಇದನ್ನ ನಾನು ಜೋರಾಗೇ ಕೇಳಿದೆ. ಸೊಸೆಯಂದಿರು ಕೇಳೋ ಪ್ರಶ್ನೆ ಅಲ್ಲ ಅನ್ನೋ ಹಾಗೆ ಒಂದು ಮೌನ ಬಂತು.

ಬೆಂಗಳೂರಿಗೆ ಕರ್ಕೊಂಡು ಬಂದು ಒಂದು ಆಸ್ಪತ್ರೆಗೆ ತೋರಿಸಿದೆವು. ಅಲ್ಲೊಂದು ಪರೀಕ್ಷೆ, ಮೂವತ್ತು ಅಂಕದ್ದು. ಇವತ್ತು ಯಾವ ತಾರೀಖು? ‘ತಾರೀಕು ಗೊತ್ತಿಲ್ಲ ಕಣಪ್ಪ. ರಾಮನವಮಿ ಆಗಿ ಎಲ್ಡು ದಿನ ಆಯ್ತು, ಇವತ್ತು ಏಕಾದಶಿ’ ಅಂದರು. ಸರಿಯಾಗೇ ಇತ್ತು, ನಾನು ಫೋನಲ್ಲಿ ನೋಡಿದೆ. ಅಂಕ ಸೊನ್ನೆ. ನೂರರಿಂದ ಏಳೇಳು ಕಳೀತಾ ಹೋಗಿ. ‘ತೊಂಬತ್ತಮೂರು’ ಅಂದು ಸುಮ್ಮನಾದರು. ಮುಂದೆ? ‘ಯಾಕ್ ಕಳೀಬೇಕು? ಯಾರ್ಗೆ ಕೊಡಾಕೆ?’ ಐದು ಮೂಲೆಯ ಎರಡು ಚಿತ್ರ ಒಂದರೊಳಗೊಂದು ಸಿಕ್ಕಿಕೊಂಡ ಹಾಗೆ ಬರೆಯಬೇಕಿತ್ತು. ನಾಲ್ಕನೇ ಕ್ಲಾಸಿನ ಮೇಲೆ ಪೆನ್ನು ಹಿಡಿಯದ ಕೈ, ರಂಗೋಲಿಯ ಚುಕ್ಕಿ ಇಟ್ಟುಕೊಂಡು ಶುರು ಮಾಡಿತು. ಮೂರು ಪದ ಹೇಳಿ ಐದು ನಿಮಿಷ ಬಿಟ್ಟು ಕೇಳಿದಾಗ ಒಂದೇ ಒಂದು ನೆನಪಿತ್ತು. ಇದನ್ನ ಮುಚ್ಚಿಡೋದಿಲ್ಲ. ಅದು ಮರೆವೇ. ಒಟ್ಟು ಹದಿನೆಂಟು ಬಂತು. ಶಾಲೆ ಕಲಿತದ್ದು ಕಮ್ಮಿ ಇದ್ದರೆ ಈ ಅಂಕವನ್ನ ಹಾಗೇ ನಂಬೋಕಾಗಲ್ಲ ಅಂತ ಆ ಡಾಕ್ಟರೇ ಹೇಳಿದರು. ಥೈರಾಯ್ಡು, ಬಿ12 ಎಲ್ಲ ನೋಡೋಣ, ಮನೇಲಿ ದಿನದ ಕೆಲಸ ಹೇಗೆ ಮಾಡ್ತಾರೆ ಗಮನಿಸಿ, ಆರು ತಿಂಗಳು ಬಿಟ್ಟು ಬನ್ನಿ ಅಂದರು. ಅಲ್ಲೂ ಹನ್ನೆರಡು ಬಂತಲ್ಲ ಅಂತ ನನ್ನ ಗಂಡ ನಗೋಕೆ ನೋಡಿದ.

ನನ್ನ ತಲೆಯಲ್ಲಿ ಮಾತ್ರ ಆ ಸುತ್ತೋ ಕಾಯಿ ಕೂತಿತ್ತು. ಯಾಕಂದರೆ ಹಾಗೆ ಸುತ್ತೋದನ್ನ ನಾನು ನೋಡಿದ್ದೆ. ಕನಕಪುರದಲ್ಲಿ ನಮ್ಮಜ್ಜಿಯ ಕಾನೂನು ಏನಂದರೆ, ಎದುರಾಳಿಯ ಒಂದು ಕಾಯನ್ನಾದರೂ ಹೊಡೆದಿರಬೇಕು. ಹೊಡೀದೆ ಒಳಸುತ್ತಿಗೆ ಪ್ರವೇಶ ಇಲ್ಲ. ಹೊಡೆಯೋವರೆಗೆ ಹೊರಗೇ ಸುತ್ತು. ಗಂಡನ ಮನೇಲಿ ಈ ರೂಲ್ ಇಲ್ಲ, ಅವರು ಬೇಗ ಮುಗಿಸೋ ಜನ. ಅವತ್ತು ಅತ್ತೆ ಯಾರನ್ನೂ ಹೊಡೆದಿರಲಿಲ್ಲ.

ಒಂದು ಭಾನುವಾರ ಅವರ ಪಕ್ಕ ಕೂತು ಅವರೆಕಾಯಿ ಸುಲಿಯೋ ಹೊತ್ತಲ್ಲಿ ಕೇಳಿದೆ. ‘ಅತ್ತೆ, ನಿಮ್ಮ ತವರಲ್ಲಿ ಎಷ್ಟು ಕವಡೇಲಿ ಆಡ್ತಿದ್ರಿ?’

‘ಆರು’ ಅಂದರು, ತಲೆ ಎತ್ತದೆ.

‘ಮನೆ ಎಷ್ಟು?’

‘ಏಳು ಏಳ್ಲಿ ನಲವತ್ತೊಂಬತ್ತು. ನಿಮ್ಮುದು ಹುಡುಗ್ರಾಟ ಕಣವ್ವ, ಐದು ಮನೇದು.’

‘ಬಾರಾ ಅಂದ್ರೆ?’

ಈಗ ತಲೆ ಎತ್ತಿದರು. ‘ಬಾರಾ ಅಂದ್ರೆ ಬಾರೇಯ. ಹನ್ನೆಲ್ಡು. ನಮ್ ಬೀದಿ ಬೂಬಮ್ಮನ ಮಾತಲ್ಲಿ ಏಕ್, ದೋ, ತೀನ್... ಬಾರಾ. ಎಂಟು ಹೆಂಗಾಯ್ತದೆ? ನಿಮ್ಮೋರು ಎಂಟು ಅಂದ್ರು, ಸರಿ, ನಿಮ್ ಮನೆ ಆಟ ಅಂತ ಸುಮ್ಕಾದೆ.’

ಸುಮ್ಮನಾದ ಕಾಯಿಯನ್ನ ನಾವು ಮರೆವು ಅಂತ ಓದಿದ್ದೆವು. ಅವರ ತವರು ಚನ್ನಪಟ್ಟಣದ ಬೊಂಬೆ ಕೆಲಸದವರ ಬೀದಿಯ ಪಕ್ಕ. ಆರು ಕವಡೆ, ಒಬ್ಬೊಬ್ಬರಿಗೆ ಆರು ಕಾಯಿ, ಏಳು ಮನೆಯ ಮಣೆ. ಆರೂ ಅಂಗಾತ ಬಿದ್ದರೆ ಆರು, ಆರೂ ಮಕಾಡೆ ಬಿದ್ದರೆ ಹನ್ನೆರಡು. ಯೋಚನೆ ಮಾಡಿದರೆ ಹೆಸರಿಗೆ ನ್ಯಾಯ ಸಿಗೋದು ಅವರ ಆಟದಲ್ಲೇ. ನಾವು ನಾಲ್ಕು ಕವಡೆ ಇಟ್ಕೊಂಡು ಎಂಟನ್ನ ಬಾರಾ ಅಂತ ಕರೀತಿದ್ದೀವಿ, ಯಾಕೆ ಅಂತ ಯಾರೂ ಕೇಳಿಲ್ಲ. ಮದುವೆಯಾಗಿ ಮಾಗಡಿ ಕಡೆಗೆ ಬಂದ ಮೇಲೆ ಅತ್ತೆ ಕವಡೆ ಮುಟ್ಟಿರಲಿಲ್ಲ. ಹಾಗಾಗಿ ಗಂಡನ ಮನೆಯ ಆಟ ಕಲಿಯೋ ಸಂದರ್ಭವೇ ಬಂದಿರಲಿಲ್ಲ. ಬೆರಳಿಗೆ ನೆನಪಿದ್ದದ್ದು ಹದಿನೆಂಟನೇ ವಯಸ್ಸಿನ ಎಣಿಕೆ.

ನನ್ನ ಗಂಡ ಲ್ಯಾಪ್‌ಟಾಪ್ ತೆಗೆದ. ಬೇಜಾರಾದಾಗ ಅವನು ಎಕ್ಸೆಲ್ ತೆಗೆಯೋನು. ಕವಡೆ ಎರಡೂ ಕಡೆ ಸಮನಾಗಿ ಬೀಳುತ್ತೆ ಅಂತ ಇಟ್ಕೊಂಡರೆ, ನಾಲ್ಕು ಕವಡೆಯಲ್ಲಿ ಎಲ್ಲ ಮಕಾಡೆ ಬೀಳೋದು ಹದಿನಾರು ಸಲಕ್ಕೆ ಒಂದು. ಆರು ಕವಡೆಯಲ್ಲಿ ಅರವತ್ನಾಲ್ಕಕ್ಕೆ ಒಂದು. ನಮ್ಮ ಆಟದಲ್ಲಿ ಒಂದು ಎಸೆತದ ಸರಾಸರಿ ಎರಡೂವರೆ, ಅತ್ತೆಯದರಲ್ಲಿ ಮೂರಕ್ಕಿಂತ ಚೂರು ಜಾಸ್ತಿ. ಆದರೆ ದಾರಿ? ನಮ್ಮದರಲ್ಲಿ ಒಂದು ಕಾಯಿ ಹಣ್ಣಾಗೋಕೆ ಇಪ್ಪತ್ನಾಲ್ಕು ಹೆಜ್ಜೆ, ಅವರದರಲ್ಲಿ ನಲವತ್ತೆಂಟು. ಆರು ಕಾಯಿಗೆ 288. ಒಬ್ಬೊಬ್ಬರೂ ತೊಂಬತ್ತು ಸಲ ಎಸೀಬೇಕು, ಅದೂ ಯಾರೂ ಯಾರನ್ನೂ ಹೊಡೀದೇ ಇದ್ದರೆ. ‘ಅಮ್ಮ, ಇದು ಮುಗೀತಿತ್ತಾ?’ ಅಂದ. ‘ಮುಗೀಲಿ ಅಂತ ಯಾರ್ ಆಡ್ತಿದ್ರು?’ ಅಂದರು ಅತ್ತೆ.

ಮುಂದಿನ ವಾರ ಚನ್ನಪಟ್ಟಣಕ್ಕೆ ಹೋದೆವು. ಹಳೇ ಹೆದ್ದಾರಿಯಲ್ಲೇ ಹೋಗಿ ಅಂತ ಎಲ್ಲರಿಗೂ ಹೇಳ್ತೀನಿ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದಮೇಲೆ ಕಾರುಗಳೆಲ್ಲ ಊರಿನ ಹೊರಗಿಂದಲೇ ಹಾರಿಹೋಗ್ತವೆ, ಬೊಂಬೆ ಅಂಗಡಿಯವರು ರಸ್ತೆ ನೋಡ್ತಾ ಕೂತಿರ್ತಾರೆ. ಒಂದು ಅಂಗಡಿಯ ಹಿಂದೆ ಲೇತ್ ಇತ್ತು. ಆಲೆಮರದ ತುಂಡು ಗಿರ್ರನೆ ತಿರುಗ್ತಿರುವಾಗ ಅರಗಿನ ಕಡ್ಡಿ ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಮರಕ್ಕೆ ಹತ್ತಿಕೊಳ್ಳುತ್ತೆ. ಆಮೇಲೆ ಗರಿ ಹಿಡಿದು ಉಜ್ಜಿದರೆ ಹೊಳಪು. ನಾಲ್ಕು ಬಣ್ಣದಲ್ಲಿ ಆರಾರು ಕಾಯಿ ಬೇಕು ಅಂದೆವು. ‘ಲೂಡೋಕ್ಕಾ? ನಾಲ್ಕೇ ಅಲ್ವಾ?’ ಅಂದ ಹುಡುಗ. ಲೇತ್ ಹತ್ತಿರ ಕೂತಿದ್ದ ಹಿರಿಯರು ಅವನನ್ನ ತಡೆದು ಅತ್ತೆಯ ಕಡೆ ನೋಡಿ, ‘ಏಳು ಮನೇದಾ ಅಮ್ಮ?’ ಅಂದರು. ಅತ್ತೆ ಆ ದಿನ ಇಡೀ ಅಷ್ಟು ನೆಟ್ಟಗೆ ನಡೆದದ್ದನ್ನ ನಾನು ಮತ್ತೆ ನೋಡಿಲ್ಲ.

ಕಾಗದದ ಮೇಲೆ ರೂಲ್ಸ್ ಬರೀತಾ ಹೋದೆ. ಗಟ್ಟಿಯನ್ನ ಗಟ್ಟಿಯೇ ಹೊಡೀಬೇಕು. ಗಟ್ಟಿ ನಡೆಯೋದು ಸಮಸಂಖ್ಯೆಗೆ ಮಾತ್ರ, ಎರಡು ಬಿದ್ದರೆ ಜೋಡಿಯಾಗಿ ಒಂದು ಮನೆ. ಹೊಡೆದವರಿಗೆ ಇನ್ನೊಂದು ಎಸೆತ. ಮೂರು ಗರ ಸಾಲಾಗಿ ಬಿದ್ದರೆ ಸುಟ್ಟವು. ಒಂಬತ್ತನೆಯದು ನನಗೆ ತುಂಬಾ ಇಷ್ಟವಾದದ್ದು: ಆಡ್ತಿರುವಾಗ ಯಾರಾದರೂ ಮಗುವಿಗೆ ಹಾಲು ಕೊಡೋಕೋ, ಒಲೆ ನೋಡೋಕೋ ಎದ್ದು ಹೋದರೆ ಅವರು ಬರೋವರೆಗೆ ಅವರ ಕಾಯಿ ಹೊಡೆಯೋ ಹಾಗಿಲ್ಲ. ಯಾರು ಯಾರಿಗಾಗಿ ಮಾಡಿದ ಆಟ ಅನ್ನೋದು ಈ ಒಂದು ರೂಲಲ್ಲೇ ಗೊತ್ತಾಗುತ್ತೆ.

ಭಾವನಿಗೂ ಫೋನ್ ಮಾಡಿ ಹೇಳಿದೆವು. ‘ಆಟದ ವಿಷ್ಯ ಬಿಡಮ್ಮ, ಮೂರು ಪದದಲ್ಲಿ ಎರಡು ಮರೆತರಲ್ಲ’ ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಆರು ತಿಂಗಳಾದ ಮೇಲೆ ಮತ್ತೆ ತೋರಿಸಿದೆವು. ಡಾಕ್ಟರು ತೀರಾ ಕೆಟ್ಟಿಲ್ಲ ಅಂದರು, ಚೆನ್ನಾಗಿದೆ ಅಂತಲೂ ಅನ್ನಲಿಲ್ಲ. ಈಗ ಗ್ಯಾಸ್ ಒಲೆ ಹತ್ತಿರ ನಮ್ಮಲ್ಲಿ ಯಾರಾದರೂ ಇರ್ತೀವಿ. ಜಿಪಿಎ ಮಾತ್ರ ಆಗಿಲ್ಲ. ಎರಡೆಕರೆಯಲ್ಲಿ ಯಾರಿಗೆ ಎಷ್ಟು ಅನ್ನೋದನ್ನ ಅತ್ತೆ ಒಂದು ಸಂಜೆ ತಾವೇ ಕೂತು ಹೇಳಿದರು, ಗುಂಟೆ ಲೆಕ್ಕದಲ್ಲಿ, ಮಗಳಿಗೂ ಸೇರಿಸಿ. ಎಂಬತ್ತು ಗುಂಟೆಗೆ ಒಂದು ಗುಂಟೆಯೂ ಹೆಚ್ಚುಕಮ್ಮಿ ಆಗಲಿಲ್ಲ. ಭಾವ ಬರಕೊಂಡರು.

ನಮ್ಮ ರೂಲ್ ಬುಕ್ಕಿನಲ್ಲಿ ಇನ್ನೂ ಒಂದು ಜಾಗ ಖಾಲಿ ಇದೆ. ಏಳು ಮನೆಯ ಮಣೆಗೆ ಮೂರು ಸುತ್ತು. ಮೊದಲನೆಯದು ಎಡದಿಂದ ಬಲಕ್ಕೆ, ಎರಡನೆಯದು ಬಲದಿಂದ ಎಡಕ್ಕೆ. ಮೂರನೆಯದು ಯಾವ ಕಡೆಗೆ ಅಂದರೆ ಅತ್ತೆ ಬೆರಳು ಮಣೆಯ ಮೇಲೆ ಇಟ್ಟು ಸುಮಾರು ಹೊತ್ತು ಕೂತಿದ್ದರು. ‘ಮತ್ತೆ ತಿರುಗ್ತಿದ್ವಿ ಅನ್ಸುತ್ತೆ’ ಅಂದರು. ಮಾರನೇ ದಿನ ‘ಇಲ್ಲ, ಹಂಗೇ ಹೋಗ್ತಿದ್ವಿ’ ಅಂದರು. ಕೊನೆಗೆ ಅಂಗಡಿಯ ಆ ಹಿರಿಯರ ಮೂಲಕ ಬೂಬಮ್ಮನ ನಂಬರ್ ಸಿಕ್ಕಿತು. ಈಗ ಮಗಳ ಮನೇಲಿದ್ದಾರಂತೆ, ಕಿವಿ ಮಂದ. ಸ್ಪೀಕರ್ ಹಾಕಿ ಅರ್ಧ ಗಂಟೆ ಕೂಗಾಡಿದ ಮೇಲೆ ‘ತಿರುಗಬೇಕು’ ಅಂದರು.

ಅತ್ತೆ ಫೋನ್ ಇಟ್ಟು ನನಗೆ ಹೇಳಿದರು: ‘ಅದ್ನ ಬರ್ಕಬೇಡ. ಅವ್ಳು ಆಗ್ಲೂ ಮೋಸ ಮಾಡ್ತಿದ್ದೋಳೇಯ.’